ವಾಂಗ್ ಶ್ವಾನ್‌ತ್ಸೆ ಎಂಬ ತಾಂಗ್ ಅಧಿಕಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಏಳನೇ ಶತಮಾನದಲ್ಲಿ ಚೀನಾದಿಂದ ಬಿಹಾರದ ಕಡೆಗೆ ಬಂದು, ಇಲ್ಲಿ ಪೆಟ್ಟು ತಿಂದು, ಮತ್ತೆ ಸೈನ್ಯ ಕಟ್ಟಿಕೊಂಡು ಬಂದು ಗೆದ್ದ ಒಬ್ಬ ಅಧಿಕಾರಿಯ ಮಾತು ತೆಗೆದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ನಂಬುವುದೇ ಇಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ಇನ್ನು ಕೆಲವರು ಎಲ್ಲೋ ನೋಡಿದ ವಿಡಿಯೊ ನೆನಪಿಸಿಕೊಂಡು ‘ಒಬ್ಬನೇ ಒಂದು ದೇಶ ಗೆದ್ದನಂತೆ’ ಅನ್ನುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭದವು ಮೊದಲು, ಕಗ್ಗಂಟಿನವು ಆಮೇಲೆ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಇವನನ್ನು ಮಹಾ ದಂಡನಾಯಕ ಅಂತ ಹೊಗಳುವವರೂ, ಕಟ್ಟುಕಥೆ ಅಂತ ತಳ್ಳಿಹಾಕುವವರೂ ಇವನ ನಿಜವಾದ ಸಾಮರ್ಥ್ಯವನ್ನು ಗಮನಿಸಿಲ್ಲ. ನೆರೆಯವರನ್ನು ಒಟ್ಟು ಸೇರಿಸುವುದರಲ್ಲಿ ಮತ್ತು ಕಂಡದ್ದನ್ನು ಅಳೆದು ಬರೆದಿಡುವುದರಲ್ಲಿ ಇವನು ಗಟ್ಟಿಗ.

## ಮೊದಲ ಪರಿಚಯ

ಯಾರು ಈತ? ಶಾಲೆಯ ಇತಿಹಾಸ ಪುಸ್ತಕದಲ್ಲಿ ಇವನ ಹೆಸರೇ ನೋಡಿಲ್ವಲ್ಲ?

ನೋಡಿರಲಿಕ್ಕಿಲ್ಲ. ನಮ್ಮ ಪಠ್ಯದಲ್ಲಿ ಹ್ಯೂಯೆನ್‌ತ್ಸಾಂಗ್ ಬರುತ್ತಾನೆ, ಅವನ ಬೆನ್ನಿಗೇ ಬಂದ ಇವನು ಬರುವುದಿಲ್ಲ. ಚೀನಾದಲ್ಲೂ ಬಹಳ ಕಾಲ ಇವನಿಗೆ ಅದೇ ಗತಿ. ಆಗ ಚೀನಾವನ್ನು ಆಳುತ್ತಿದ್ದ ತಾಂಗ್ ವಂಶದ ಚರಿತ್ರೆ ಎರಡು ದೊಡ್ಡ ಗ್ರಂಥಗಳಲ್ಲಿದೆ. ಒಂದು 945ರಲ್ಲಿ ಮುಗಿದ ‘ಹಳೆಯ ಚರಿತ್ರೆ’, ಇನ್ನೊಂದು 1060ರಲ್ಲಿ ಮುಗಿದ ‘ಹೊಸ ಚರಿತ್ರೆ’. ಎರಡರಲ್ಲೂ ನೂರಾರು ಜನರ ಜೀವನಚರಿತ್ರೆಗಳಿವೆ, ಇವನದು ಮಾತ್ರ ಇಲ್ಲ. ಹೊರದೇಶಗಳ ಬಗ್ಗೆ ಬರೆದ ಅಧ್ಯಾಯಗಳಲ್ಲಿ, ಭಾರತದ ಮಾತು ಬಂದಾಗ ಇವನು ಕಾಣಿಸಿಕೊಳ್ಳುತ್ತಾನೆ. ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ದಾಖಲಾಗಿಲ್ಲ.

ಇವನು ಲುವೋಯಾಂಗ್ ಕಡೆಯವನು. ಭಾರತಕ್ಕೆ ಹೊರಡುವ ಮೊದಲು ಚೀನಾದ ದಕ್ಷಿಣದಲ್ಲಿ, ಈಗಿನ ಗ್ವಾಂಗ್‌ಶಿ ಪ್ರಾಂತ್ಯದಲ್ಲಿ, ಒಂದು ಸಣ್ಣ ತಾಲ್ಲೂಕಿನ ಅಧಿಕಾರಿಯಾಗಿದ್ದ.

ಒಮ್ಮೆ ಸೇನಾಧಿಕಾರಿ ಅಂತೀರಿ, ಒಮ್ಮೆ ರಾಯಭಾರಿ ಅಂತೀರಿ. ಯಾವುದು ಸರಿ?

ಎರಡೂ ಸರಿ. 647ರಲ್ಲಿ ಅವನ ಹುದ್ದೆ ಇದ್ದದ್ದು ಯುವರಾಜನ ಕಾವಲು ಪಡೆಯಲ್ಲಿ. ಆದರೆ ಕತ್ತಿ ಹಿಡಿದು ಮುಂದೆ ನಿಲ್ಲುವ ಕೆಲಸ ಅದಲ್ಲ. ಆ ಪಡೆಯ ಕಚೇರಿ ನಡೆಸುವ ಹಿರಿಯ ಆಡಳಿತಾಧಿಕಾರಿ ಅವನು. ಕಾಗದಪತ್ರ, ಆಳುಕಾಳು, ಸಾಮಾನು ಸರಂಜಾಮು ಎಲ್ಲ ಅವನ ಕೈಯಲ್ಲಿ. ತಾಂಗ್ ಸರ್ಕಾರದ ಒಂಬತ್ತು ದರ್ಜೆಗಳಲ್ಲಿ ಅವನದು ಏಳನೆಯದು. ಹತ್ತು ವರ್ಷ ಕಳೆದ ಮೇಲೂ ಇನ್ನೊಂದು ಕಾವಲು ಪಡೆಯಲ್ಲಿ ಅದೇ ಬಗೆಯ ಹುದ್ದೆಯಲ್ಲಿದ್ದ. ಸೈನ್ಯವನ್ನು ನಡೆಸುವವನಿಗಿಂತ ಸೈನ್ಯವನ್ನು ಒದಗಿಸುವವನು ಅಂದರೆ ಹತ್ತಿರ. 647ರಲ್ಲಿ ಅವನ ಕೈ ಹಿಡಿದದ್ದು ಈ ಅನುಭವವೇ ಅಂತ ನನ್ನ ಅನಿಸಿಕೆ.

ಇಲ್ಲಿ ಬರುವ ಹರ್ಷ ನಮ್ಮ ಇಮ್ಮಡಿ ಪುಲಿಕೇಶಿ ಸೋಲಿಸಿದ ಹರ್ಷನೇನಾ?

ಹೌದು, ಅದೇ ಕನೌಜಿನ ಹರ್ಷವರ್ಧನ. ನರ್ಮದೆಯ ಆಚೆಗೇ ಅವನನ್ನು ತಡೆದ ಸಂಗತಿಯನ್ನು ರವಿಕೀರ್ತಿ ಐಹೊಳೆಯ ಮೇಗುತಿ ದೇವಸ್ಥಾನದ ಶಾಸನದಲ್ಲಿ ಬರೆಸಿದ್ದು 634ರಲ್ಲಿ. ಅಲ್ಲಿಂದ ಏಳು ವರ್ಷಕ್ಕೆ, 641ರಲ್ಲಿ, ಹರ್ಷ ಚೀನಾಕ್ಕೆ ದೂತರನ್ನು ಕಳಿಸಿದ. ಎರಡು ಆಸ್ಥಾನಗಳ ನಡುವಿನ ಓಡಾಟ ಶುರುವಾದದ್ದು ಹೀಗೆ.

ಒಂದು ವ್ಯತ್ಯಾಸ ಗಮನಿಸಿ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಪುಲಿಕೇಶಿಯ ಕಾಲ ಮುಗಿಯಿತು. ಆದರೂ ಮಗ ವಿಕ್ರಮಾದಿತ್ಯ 655ರ ಹೊತ್ತಿಗೆ ರಾಜ್ಯವನ್ನು ಮತ್ತೆ ಕಟ್ಟಿದ. ಹರ್ಷನಿಗೆ ಅಂಥ ವಾರಸುದಾರ ಇರಲಿಲ್ಲ. ಅವನು 647ರ ಆಸುಪಾಸಿನಲ್ಲಿ ಸತ್ತಾಗ ರಾಜ್ಯ ಹೋಳಾಯಿತು. ವಾಂಗ್ ಬಂದು ಸಿಕ್ಕಿಬಿದ್ದದ್ದು ಆ ಗೊಂದಲದ ನಡುವೆ.

ಒಟ್ಟು ಎಷ್ಟು ಸಲ ಭಾರತಕ್ಕೆ ಬಂದಿದ್ದ?

ಮೂರು ಸಲ. ನಾಲ್ಕು ಅನ್ನುವವರೂ ಇದ್ದಾರೆ. ಆದರೆ 662ರಲ್ಲಿ ಚಕ್ರವರ್ತಿಗೆ ಬರೆದ ಒಂದು ಮನವಿಯಲ್ಲಿ ಅವನೇ ಮೂರು ಸಲ ಹೋಗಿಬಂದೆ ಅಂದಿದ್ದಾನೆ. ಅವನ ಮಾತನ್ನೇ ನಂಬುವುದು ಒಳ್ಳೆಯದು.

ಮೊದಲನೆಯದು 643ರಲ್ಲಿ. ಆಗ ತಂಡದ ಮುಖ್ಯಸ್ಥ ಲಿ ಯಿಬಿಯಾವ್, ವಾಂಗ್ ಅವನ ಕೈಕೆಳಗೆ. ಒಟ್ಟು 22 ಜನ. 645ರ ಆರಂಭದಲ್ಲಿ ರಾಜಗೃಹದ ಗೃಧ್ರಕೂಟ ಬೆಟ್ಟದಲ್ಲೂ ಬೋಧಗಯಾದ ಮಹಾಬೋಧಿಯಲ್ಲೂ ಕಲ್ಲಿನ ಶಾಸನ ಹಾಕಿಸಿದರು. ಎರಡನೆಯದು 647ರದ್ದು, ಜಗಳದ ಯಾತ್ರೆ. ಮೂರನೆಯದು 657ರ ಹೊತ್ತಿಗೆ ಹೊರಟು 661ರಲ್ಲಿ ಮುಗಿಯಿತು. ಬೌದ್ಧ ಕ್ಷೇತ್ರಗಳಿಗೆ ಚಕ್ರವರ್ತಿಯ ಹೆಸರಿನಲ್ಲಿ ಕಾಷಾಯ ವಸ್ತ್ರ ಒಪ್ಪಿಸಲು ಬಂದದ್ದು.

## ಜಗಳದ ವರ್ಷ

ನಿಜಕ್ಕೂ ಏನಾಯ್ತು? ಮೊದಲಿಂದ ಹೇಳಿ.

ವಾಂಗ್ ಈ ಸಲ ತಂಡದ ಮುಖ್ಯಸ್ಥ. ಜಿಯಾಂಗ್ ಶಿರೆನ್ ಅವನ ಸಹಾಯಕ. ಜೊತೆಗೆ 30 ಕುದುರೆ ಸವಾರರು. ಮಧ್ಯ ಭಾರತ ತಲುಪುವ ಹೊತ್ತಿಗೆ ಹರ್ಷ ತೀರಿಕೊಂಡಿದ್ದ. ಅವನ ಒಬ್ಬ ಮಂತ್ರಿ ಅಧಿಕಾರ ಹಿಡಿದಿದ್ದ. ಆ ಮಂತ್ರಿಯ ಸೈನ್ಯ ಈ ತಂಡದ ಮೇಲೆ ಬಿತ್ತು. ಮೂವತ್ತು ಜನ ಬಾಣ ಮುಗಿಯುವ ತನಕ ಹೋರಾಡಿದರು, ಕೊನೆಗೆ ಎಲ್ಲರೂ ಸಿಕ್ಕಿಬಿದ್ದರು. ಬೇರೆ ಬೇರೆ ರಾಜರು ಚೀನಾಕ್ಕೆಂದು ಇವರ ಕೈಯಲ್ಲಿ ಕೊಟ್ಟಿದ್ದ ಕಾಣಿಕೆಗಳೂ ಲೂಟಿಯಾದವು.

ವಾಂಗ್ ರಾತ್ರಿ ತಪ್ಪಿಸಿಕೊಂಡ. ಬಡಗಣ ದಿಕ್ಕು ಹಿಡಿದು ಟಿಬೆಟ್ ಗಡಿ ಸೇರಿದ. ಅಲ್ಲಿಂದ ಸುತ್ತಲಿನ ರಾಜ್ಯಗಳಿಗೆ ಪತ್ರ ಬರೆದು ಸೈನ್ಯ ಕೇಳಿದ. ಟಿಬೆಟ್‌ನಿಂದ 1,200 ಆಯ್ದ ಯೋಧರು ಬಂದರು. ನೇಪಾಳದಿಂದ 7,000 ಕುದುರೆ ಸವಾರರು ಬಂದರು. ಈ ಪಡೆ ಶತ್ರುವಿನ ಊರನ್ನು ಮುತ್ತಿ ಮೂರು ದಿನದಲ್ಲಿ ಗೆದ್ದಿತು. ಓಡಿಹೋದ ರಾಜ ಚದುರಿದ ಸೈನ್ಯವನ್ನು ಸೇರಿಸಿಕೊಂಡು ಮತ್ತೆ ತಿರುಗಿ ನಿಂತ. ಈ ಸಲ ಜಿಯಾಂಗ್ ಶಿರೆನ್ ಅವನನ್ನು ಸೆರೆಹಿಡಿದ. ಒಂದು ನದಿಯ ದಡದಲ್ಲಿ ಅವನ ರಾಣಿ, ಮಕ್ಕಳು ಕೊನೆಯ ಪ್ರತಿರೋಧ ಒಡ್ಡಿದರು, ಅದೂ ಮುರಿಯಿತು. ಆ ನದಿ ಗಂಡಕಿ ಇರಬೇಕು ಅನ್ನುವ ವಿದ್ವಾಂಸರಿದ್ದಾರೆ. 648ರ ಬೇಸಿಗೆಯಲ್ಲಿ ಸೆರೆಯಾಳು ರಾಜನನ್ನು ತಾಂಗ್ ರಾಜಧಾನಿ ಚಾಂಗ್‌ಆನ್‌ಗೆ ತಂದು ಚಕ್ರವರ್ತಿ ತೈಜಾಂಗ್‌ನ ಮುಂದೆ ನಿಲ್ಲಿಸಿದರು.

ಆ ಮಂತ್ರಿ ಯಾರು? ಹರ್ಷನ ಇಡೀ ಸಾಮ್ರಾಜ್ಯ ಅವನ ಕೈಯಲ್ಲಿತ್ತಾ?

ಚೀನೀ ಅಕ್ಷರಗಳಲ್ಲಿ ಬರೆದ ಹೆಸರನ್ನು ವಿದ್ವಾಂಸರು ಅರುಣಾಶ್ವ ಅಥವಾ ಅರ್ಜುನ ಅಂತ ಓದಿದ್ದಾರೆ. ಹೆಸರಿನ ಜೊತೆ ಒಂದು ಊರೂ ಅಂಟಿಕೊಂಡಿದೆ. ಅದನ್ನು ತೀರಭುಕ್ತಿ ಅಂತ ಗುರುತಿಸುತ್ತಾರೆ, ಅಂದರೆ ಉತ್ತರ ಬಿಹಾರದ ತಿರ್ಹುತ್ ಸೀಮೆ. ಇದು ಸರಿಯಾದರೆ ಅವನು ಹರ್ಷನ ಕೈಕೆಳಗಿನ ಒಂದು ಪ್ರಾಂತ್ಯದ ಅಧಿಕಾರಿ. ಒಡೆಯ ಸತ್ತ ಮೇಲೆ ತಾನೇ ರಾಜ ಅಂತ ಹೇಳಿಕೊಂಡವನು. ಕನೌಜಿನಿಂದ ಬಂಗಾಳದ ತನಕ ಅವನ ಆಳ್ವಿಕೆ ಇತ್ತು ಅನ್ನಲು ಯಾವ ಆಧಾರವೂ ಇಲ್ಲ. ನೇಪಾಳದ ಕುದುರೆ ಸೈನ್ಯ ಇಷ್ಟು ಬೇಗ ಬಂದು ಮುಟ್ಟಿತು ಅನ್ನುವುದಕ್ಕೂ ಇದು ಹೊಂದುತ್ತದೆ. ಬೆಟ್ಟ ಇಳಿದರೆ ತಿರ್ಹುತ್.

ಟಿಬೆಟ್, ನೇಪಾಳದವರು ಪರದೇಶದ ಒಬ್ಬ ಗುಮಾಸ್ತನಿಗೆ ಯಾಕೆ ಸೈನ್ಯ ಕೊಟ್ಟರು?

ಇಡೀ ಕಥೆಯ ಜೀವಾಳವೇ ಈ ಪ್ರಶ್ನೆ. ವಿಡಿಯೊಗಳು ಹಾರಿಸಿಬಿಡುವುದೂ ಇದನ್ನೇ.

ಮೊದಲು ಟಿಬೆಟ್. 641ರಲ್ಲಿ ಅಲ್ಲಿನ ರಾಜ ಸೊಂಗ್‌ತ್ಸೆನ್ ಗಂಪೊನಿಗೆ ತಾಂಗ್ ಮನೆತನದ ವೆನ್‌ಚೆಂಗ್ ರಾಜಕುಮಾರಿಯ ಜೊತೆ ಮದುವೆ ನಡೆದಿತ್ತು. ಎರಡು ರಾಜ್ಯಗಳ ನಡುವೆ ಆಗ ಬೀಗತನ, ಶಾಂತಿ. ಹೊಸ ದಾರಿಯೂ ತೆರೆದಿತ್ತು. ಹ್ಯೂಯೆನ್‌ತ್ಸಾಂಗ್ ಮಧ್ಯ ಏಷ್ಯಾದ ಮರಳುಗಾಡು ಸುತ್ತಿ, ಗಾಂಧಾರದ ಮೂಲಕ ಭಾರತಕ್ಕೆ ಬಂದವನು. ವಾಂಗ್ ಬಂದದ್ದು ಲ್ಹಾಸಾ, ಕ್ಯಿರೊಂಗ್ ಕಣಿವೆ, ಕಠ್ಮಂಡು ದಾರಿಯಲ್ಲಿ. ದಾರಿ ಬಹಳ ಹತ್ತಿರದ್ದು, ಆದರೆ ಟಿಬೆಟ್‌ನವರು ಹೋಗಲು ಬಿಟ್ಟರೆ ಮಾತ್ರ ನಡೆಯುವಂಥದ್ದು.

ಈಗ ನೇಪಾಳ. ಅಲ್ಲಿನ ರಾಜ ನರೇಂದ್ರದೇವ ತನ್ನ ಮನೆತನದ ಜಗಳದಲ್ಲಿ ಗದ್ದುಗೆ ಕಳೆದುಕೊಂಡು ಟಿಬೆಟ್‌ಗೆ ಓಡಿದ್ದ. ಟಿಬೆಟ್ ನೆರವಿನಿಂದಲೇ ಮತ್ತೆ ಪಟ್ಟಕ್ಕೆ ಬಂದವನು. ಹಾಗಾಗಿ ಲ್ಹಾಸಾದಿಂದ ಮಾತು ಬಂದರೆ ತಳ್ಳಿಹಾಕುವ ಸ್ಥಿತಿಯಲ್ಲಿ ಅವನಿರಲಿಲ್ಲ. ಇನ್ನೂ ಒಂದು ಸಂಗತಿ ಇದೆ. ಮೊದಲ ಯಾತ್ರೆಯಲ್ಲಿ ಲಿ ಯಿಬಿಯಾವ್ ತಂಡ ನೇಪಾಳ ದಾಟುವಾಗ ನರೇಂದ್ರದೇವ ಖುಷಿಯಿಂದ ಬರಮಾಡಿಕೊಂಡು, ತಾನೇ ಜೊತೆಗೆ ಹೋಗಿ ಒಂದು ಕೊಳ ತೋರಿಸಿದ್ದ. ಸುತ್ತಳತೆ ಇಪ್ಪತ್ತು ಹೆಜ್ಜೆಯಷ್ಟು. ನೀರು ಸದಾ ಕುದಿಯುತ್ತಿತ್ತು. ಏನಾದರೂ ಎಸೆದರೆ ಹೊಗೆ ಏಳುತ್ತಿತ್ತು. ಮೇಲೆ ಪಾತ್ರೆ ತೂಗುಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಅಡುಗೆ ಬೇಯುತ್ತಿತ್ತು ಅಂತ ಚೀನೀ ಚರಿತ್ರೆಯಲ್ಲಿ ಬರೆದಿದೆ. ಆ ತಂಡದಲ್ಲಿ ವಾಂಗ್ ಎರಡನೆಯವನು. ನೇಪಾಳದ ಆಸ್ಥಾನಕ್ಕೆ ಚೀನೀ ದೂತರು ಹೊಸಬರಲ್ಲ. 647ರಲ್ಲಿ ನೇಪಾಳದ ದೂತರೂ ಚೀನಾಕ್ಕೆ ಹೋಗಿದ್ದರು. ಅವರು ಒಯ್ದ ಕಾಣಿಕೆಯಲ್ಲಿ ಪಾಲಕ್ ಸೊಪ್ಪು ಇತ್ತು. ಇವತ್ತು ಚೀನಾದ ಮನೆಮನೆಯಲ್ಲಿ ಮಾಡುವ ಆ ಸೊಪ್ಪು ಅಲ್ಲಿನ ದಾಖಲೆಗೆ ಸೇರಿದ್ದು ಹೀಗೆ. ನನಗೆ ಬಹಳ ಇಷ್ಟವಾದ ವಿವರ ಇದು.

ಇನ್ನು ಲಾಭದ ಲೆಕ್ಕ. ಬಯಲುಸೀಮೆಯಲ್ಲಿ ರಾಜನಿಲ್ಲ, ಗೊಂದಲ ಇದೆ, ದನಕರು, ಸಂಪತ್ತು ಧಾರಾಳ ಇದೆ. ಬೆಟ್ಟದ ಮೇಲಿನ ಎರಡು ಸೈನ್ಯಗಳಿಗೆ ಕೆಳಗಿಳಿಯಲು ಒಂದು ನೆಪ ಸಿಕ್ಕಿತು. ವಾಂಗ್ ಕೊಟ್ಟದ್ದು ಆ ನೆಪ ಮತ್ತು ತಾಂಗ್ ಚಕ್ರವರ್ತಿಯ ಹೆಸರು. ಅವರ ಆಸೆಯನ್ನೂ ತನ್ನ ಅಗತ್ಯವನ್ನೂ ಒಂದೇ ದಾರಿಗೆ ತರುವುದು ಸಣ್ಣ ಕೆಲಸವಲ್ಲ. ಅವನ ಕೈಯಲ್ಲಿ ಹಣವಿರಲಿಲ್ಲ, ಚೀನೀ ಪಡೆ ಇರಲಿಲ್ಲ, ಕಾಣಿಕೆಗಳೂ ಹೋಗಿದ್ದವು.

‘ಒಬ್ಬನೇ ಇಡೀ ಭಾರತ ಗೆದ್ದ ವೀರ’ ಅಂತ ಹೇಳ್ತಾರಲ್ಲ, ನಿಜಾನಾ?

ಇಲ್ಲ. ಮೂರೂ ಮಾತು ತಪ್ಪು. ಅವನು ಒಬ್ಬನೇ ಇರಲಿಲ್ಲ, ಟಿಬೆಟ್ ಮತ್ತು ನೇಪಾಳದ ಎಂಟು ಸಾವಿರಕ್ಕೂ ಜಾಸ್ತಿ ಯೋಧರಿದ್ದರು. ಹೊಸ ಚರಿತ್ರೆಯ ಪ್ರಕಾರ ಇನ್ನೊಂದು ಸಣ್ಣ ಬೆಟ್ಟದ ರಾಜ್ಯವೂ ಪಡೆ ಕಳಿಸಿತ್ತು. ಗೆದ್ದದ್ದು ಇಡೀ ಭಾರತವನ್ನಲ್ಲ, ಗಂಗೆಯ ಬಡಗಣದ ಒಂದು ಸೀಮೆಯನ್ನು. ಗೆದ್ದ ಜಾಗವನ್ನು ಯಾರೂ ಇಟ್ಟುಕೊಳ್ಳಲೂ ಇಲ್ಲ. ತಾಂಗ್ ಸರ್ಕಾರ ಅಲ್ಲಿ ಅಧಿಕಾರಿಯನ್ನು ನೇಮಿಸಲಿಲ್ಲ, ತೆರಿಗೆ ಎತ್ತಲಿಲ್ಲ. ಸೆರೆಯಾಳನ್ನು ಕರೆದುಕೊಂಡು ವಾಪಸ್ ಹೋದರು, ಅಷ್ಟೆ.

ಹಳೆಯ ಚರಿತ್ರೆಯೊಳಗೇ ಒಂದು ಸ್ವಾರಸ್ಯ ಇದೆ. ಭಾರತದ ಅಧ್ಯಾಯ ಓದಿದರೆ ಸೈನ್ಯ ನಡೆಸಿದವನು ವಾಂಗ್. ಅದೇ ಗ್ರಂಥದ ಟಿಬೆಟ್ ಅಧ್ಯಾಯಕ್ಕೆ ಹೋಗಿ. ಅಲ್ಲಿ ಟಿಬೆಟ್ ಸೈನ್ಯ ವಾಂಗ್ ಜೊತೆ ಹೋಗಿ ಭಾರತದವರನ್ನು ಸೋಲಿಸಿತು, ಗೆದ್ದ ಸುದ್ದಿ ತಿಳಿಸಲು ಟಿಬೆಟ್ ತನ್ನ ದೂತರನ್ನೇ ಕಳಿಸಿತು ಅಂತಿದೆ. ನೇಪಾಳದ ಭಾಗದಲ್ಲಿ ನೇಪಾಳದ ಕುದುರೆ ಪಡೆಗೂ ಅದರ ಪಾಲು ಕೊಟ್ಟಿದ್ದಾರೆ. ಮೂರನ್ನೂ ಒಟ್ಟಿಗೆ ಓದಿದರೆ ಯಾರ ಗೆಲುವು ಅನ್ನುವುದು ಸರಿಯಾಗಿ ಕಾಣುತ್ತದೆ.

ಆನೆಗಳನ್ನು ಹೆದರಿಸಲು ಎತ್ತುಗಳಿಗೆ ಬೆಂಕಿ ಹಚ್ಚಿ ಓಡಿಸಿದನಂತೆ?

ಹಳೆಯ ದಾಖಲೆಯಲ್ಲಿ ಅಂಥ ಒಂದು ಸಾಲೂ ಇಲ್ಲ. ಆಮೇಲಿನವರು ರೋಚಕವಾಗಿರಲಿ ಅಂತ ಸೇರಿಸಿದ್ದು.

## ಸ್ವಲ್ಪ ಆಳಕ್ಕೆ

ನಮ್ಮ ಕಡೆ ಒಂದು ಶಾಸನವೂ ಇಲ್ಲ ಅಂದ್ಮೇಲೆ ಇದು ಚೀನಾದವರು ಹೆಣೆದ ಕಥೆ ಯಾಕಾಗಿರಬಾರದು?

ಅನುಮಾನ ಪಡುವುದು ತಪ್ಪಲ್ಲ. ಅರುಣಾಶ್ವನ ಹೆಸರು ಭಾರತದ ಯಾವ ಶಾಸನದಲ್ಲೂ ಸಿಕ್ಕಿಲ್ಲ, ನಿಜ. ಆದರೆ ಹರ್ಷ ಸತ್ತ ಮೇಲಿನ ಕೆಲವು ದಶಕಗಳ ಉತ್ತರ ಬಿಹಾರದ ಬಗ್ಗೆ ನಮ್ಮಲ್ಲಿ ಹೇಳಿಕೊಳ್ಳುವಷ್ಟು ದಾಖಲೆಯೇ ಇಲ್ಲ. ನಮ್ಮ ಕಡೆಯ ಮೌನವನ್ನು ಸಾಕ್ಷಿ ಅಂತ ಹಿಡಿಯಲು ಆಗುವುದಿಲ್ಲ.

ಇನ್ನೊಂದು ಕಡೆ, ಕಲ್ಲಿನ ಸಾಕ್ಷಿಗಳಿವೆ. ತೈಜಾಂಗ್ 649ರಲ್ಲಿ ಸತ್ತ. ಅವನ ಸಮಾಧಿಯ ಬಡಗಣ ಬಾಗಿಲ ಬಳಿ ಹೊರದೇಶಗಳ 14 ರಾಜರ, ನಾಯಕರ ಕಲ್ಲಿನ ಮೂರ್ತಿ ನಿಲ್ಲಿಸಿದರು. ಅದರಲ್ಲಿ ಅರುಣಾಶ್ವನದೂ ಒಂದು. ಮೂರ್ತಿಗಳು ಒಡೆದುಹೋಗಿವೆ, ಆದರೆ ಅವನ ಹೆಸರೂ ಊರೂ ಕೆತ್ತಿದ ಪೀಠದ ತುಂಡು ಸಿಕ್ಕಿದೆ. ಅದೇ ಸಾಲಿನಲ್ಲಿ ಸೊಂಗ್‌ತ್ಸೆನ್ ಗಂಪೊನ ಮೂರ್ತಿಯೂ ಇತ್ತು. ಸೈನ್ಯ ಕೊಟ್ಟವನು, ಸೋತವನು ಇಬ್ಬರೂ ಒಂದೇ ಅಂಗಳದಲ್ಲಿ.

1990ರಲ್ಲಿ ಟಿಬೆಟ್‌ನ ಕ್ಯಿರೊಂಗ್‌ನಲ್ಲಿ, ನೇಪಾಳದ ಗಡಿಯ ಹತ್ತಿರ, ಬಂಡೆಯ ಮೇಲೆ ಕೊರೆದ ಚೀನೀ ಶಾಸನವೊಂದು ಪತ್ತೆಯಾಯಿತು. 24 ಸಾಲುಗಳು. ಕೆಳಭಾಗ ಹಾಳಾಗಿದೆ, ಓದಲು ಸಿಗುವುದು ಇನ್ನೂರಕ್ಕೆ ಸ್ವಲ್ಪ ಜಾಸ್ತಿ ಅಕ್ಷರ. ಮೇಲೆ ತಲೆಬರಹವಾಗಿ ‘ಮಹಾ ತಾಂಗ್ ರಾಜ್ಯದ ಭಾರತ ರಾಯಭಾರ’ ಎಂಬ ಅರ್ಥದ ಅಕ್ಷರಗಳು. ವರ್ಷ 658. ತಂಡದ ಮುಖ್ಯಸ್ಥನ ಹುದ್ದೆ ಅದರಲ್ಲಿದೆ, ಅದು ವಾಂಗ್‌ನ ಹುದ್ದೆಗೆ ಸರಿಹೊಂದುತ್ತದೆ. ಇದು ಮೂರನೇ ಯಾತ್ರೆಯದ್ದು. ಯುದ್ಧ ನಡೆಯಿತು ಅಂತ ಇದು ಸಾಬೀತು ಮಾಡುವುದಿಲ್ಲ. ಆದರೆ ಅವನು ಆ ದಾರಿಯಲ್ಲೇ ಓಡಾಡಿದ್ದ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ, ಅಲ್ವಾ?

ಮೂರು ಸಾವಿರ ತಲೆ, ಹತ್ತು ಸಾವಿರ ಜನ ಮುಳುಗಿದ್ದು, 580 ಊರು ಶರಣು. ಈ ಲೆಕ್ಕ ನಂಬಬಹುದಾ?

ಯುದ್ಧ ನಡೆದದ್ದನ್ನು ನಂಬುತ್ತೇನೆ, ಅಂಕಿಗಳನ್ನು ಹಾಗೇ ನಂಬುವುದಿಲ್ಲ. 3,000 ಜನರ ತಲೆ ಕಡಿದರು, ಸುಮಾರು 10,000 ಜನ ನೀರಿಗೆ ಬಿದ್ದು ಸತ್ತರು, 12,000 ಗಂಡಸರು ಹೆಂಗಸರನ್ನು ಸೆರೆಹಿಡಿದರು, 30,000 ದನ ಕುದುರೆ ಸಿಕ್ಕಿದವು ಅಂತ ಬರೆದಿದೆ. ಗೆದ್ದು ಬಂದ ಅಧಿಕಾರಿಯೇ ಆಸ್ಥಾನಕ್ಕೆ ಒಪ್ಪಿಸಿದ ವರದಿಯ ಲೆಕ್ಕ ಇದು. ಅಂಥ ವರದಿಯಲ್ಲಿ ಅಂಕಿ ಕೆಳಗಿಳಿಯುವುದಿಲ್ಲ. ಎರಡು ಚರಿತ್ರೆಗಳು ಟಿಬೆಟ್ ಪಡೆಯ ಸಂಖ್ಯೆಯಲ್ಲೇ ಒಂದಾಗುವುದಿಲ್ಲ. ಹಳೆಯದು 1,200 ಅಂದರೆ ಹೊಸದು 1,000 ಅನ್ನುತ್ತದೆ. 580 ಊರುಗಳು ಅಂದರೆ ಕೋಟೆ ಪಟ್ಟಣಗಳಲ್ಲ, ಹಳ್ಳಿಗಳೂ ಸೇರಿದ ಲೆಕ್ಕ ಅಂತ ಓದಿದರೆ ಒಂದು ಸೀಮೆಯ ಅಳತೆಗೆ ಸರಿಹೋಗುತ್ತದೆ.

ಕಾಮರೂಪದ, ಅಂದರೆ ಅಸ್ಸಾಮಿನ, ಭಾಸ್ಕರವರ್ಮ ಕೂಡ ಗೆದ್ದ ಸೈನ್ಯಕ್ಕೆ 30,000 ದನ ಕುದುರೆ, ಬಿಲ್ಲು, ಕತ್ತಿ ಕಳಿಸಿದ ಅಂತ ಹೊಸ ಚರಿತ್ರೆ ಹೇಳುತ್ತದೆ. ಸಂಖ್ಯೆ ಬಿಡಿ, ಸಂಗತಿ ಮುಖ್ಯ. ಹರ್ಷನ ಹಳೆಯ ಗೆಳೆಯನೇ ಅರುಣಾಶ್ವನ ಪರ ನಿಲ್ಲಲಿಲ್ಲ. ಅವನನ್ನು ಅಕ್ಕಪಕ್ಕದವರು ರಾಜ ಅಂತ ಒಪ್ಪಿರಲಿಲ್ಲ ಅನ್ನುವುದಕ್ಕೆ ಇದೊಂದು ಸೂಚನೆ.

ಇಷ್ಟೆಲ್ಲ ಮಾಡಿಯೂ ದೊಡ್ಡ ಹುದ್ದೆ ಯಾಕೆ ಸಿಗಲಿಲ್ಲ?

ಬಡ್ತಿ ಸಿಕ್ಕಿತು. ಐದನೇ ದರ್ಜೆಯ ಒಂದು ಗೌರವ ಪದವಿ ಕೊಟ್ಟರು. ಆದರೆ ಅದು ನಾಗರಿಕ ಪದವಿ, ದಂಡನಾಯಕನ ಪಟ್ಟವಲ್ಲ. ‘ಅಸೂಯೆಯಿಂದ ಮೂಲೆಗೆ ತಳ್ಳಿದರು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಾಂಗ್ ಆಸ್ಥಾನದ ಕಣ್ಣಲ್ಲಿ ನೋಡಿ. ಅವರ ದೊಡ್ಡ ಯುದ್ಧಗಳು ಬಡಗಣ ಹುಲ್ಲುಗಾವಲಿನ ತುರ್ಕರ ಜೊತೆ, ಮೂಡಣದ ಕೊರಿಯಾ ಜೊತೆ. ಅಲ್ಲಿ ಸೋತರೆ ರಾಜ್ಯಕ್ಕೇ ಅಪಾಯ. ಬಿಹಾರದ ಗೆಲುವಿನಲ್ಲಿ ಒಬ್ಬ ಚೀನೀ ಸೈನಿಕನೂ ಖರ್ಚಾಗಲಿಲ್ಲ, ಒಂದು ಅಂಗುಲ ನೆಲವೂ ಬರಲಿಲ್ಲ.

ತೈಜಾಂಗ್‌ಗೆ ಸಂತೋಷವಂತೂ ಆಯಿತು. ಆಗ ಅವನು ಆಡಿದ ಮಾತನ್ನು ದಾಖಲಿಸಿದ್ದಾರೆ. ಕಣ್ಣು ಕಿವಿ ಮೂಗು ನಾಲಿಗೆಯ ಆಸೆಯೇ ಕೇಡಿನ ಮೂಲ, ಇವನು ನಮ್ಮ ದೂತರನ್ನು ದೋಚದೆ ಇದ್ದಿದ್ದರೆ ಸೆರೆಯಾಳಾಗುತ್ತಿದ್ದನೇ ಅಂದನಂತೆ. ಅಂದರೆ ಆಸ್ಥಾನ ಇದನ್ನು ಕಳ್ಳನಿಗೆ ಸಿಕ್ಕ ಶಿಕ್ಷೆಯಾಗಿ ನೋಡಿತೇ ಹೊರತು ದೇಶ ಗೆದ್ದದ್ದಾಗಿ ನೋಡಲಿಲ್ಲ.

ಚಕ್ರವರ್ತಿ ಸತ್ತದ್ದು ಇವನು ಕರೆತಂದ ವೈದ್ಯನ ಔಷಧಿಯಿಂದ ಅನ್ನೋದು ನಿಜಾನಾ?

ಇವನ ಹೆಸರಿಗೆ ಅಂಟಿದ ದೊಡ್ಡ ಕಪ್ಪು ಚುಕ್ಕೆ ಇದು. ಸೆರೆಯಾಳುಗಳ ಜೊತೆ ವಾಂಗ್ ನಾರಾಯಣಸ್ವಾಮಿ ಎಂಬ ಬ್ರಾಹ್ಮಣನನ್ನೂ ಕರೆದುಕೊಂಡು ಹೋದ. ತನಗೆ 200 ವರ್ಷ, ಸಾವಿಲ್ಲದ ಔಷಧಿ ಗೊತ್ತು ಅಂತ ಅವನು ಹೇಳಿಕೊಳ್ಳುತ್ತಿದ್ದ. ತೈಜಾಂಗ್ ನಂಬಿದ. ಸೇನಾ ಮಂತ್ರಿಯ ಉಸ್ತುವಾರಿಯಲ್ಲಿ ಔಷಧಿ ತಯಾರಿಸಲು ವ್ಯವಸ್ಥೆ ಮಾಡಿಸಿದ, ಬೇಕಾದ ಗಿಡಮೂಲಿಕೆ, ಕಲ್ಲುಗಳಿಗಾಗಿ ಎಲ್ಲೆಲ್ಲಿಗೋ ಜನ ಕಳಿಸಿದ. 649ರಲ್ಲಿ ತೈಜಾಂಗ್ ಸತ್ತ. ಔಷಧಿಯೇ ಕೊಂದಿತು ಅಂತ ಆಮೇಲೆ ಆಸ್ಥಾನದಲ್ಲಿ ಮಾತು ಬಂತು. ಬ್ರಾಹ್ಮಣನಿಗೆ ಮರಣದಂಡನೆ ಕೊಡಬೇಕು ಅಂತಿದ್ದರು, ಹೊರದೇಶದವರು ನಕ್ಕಾರು ಅಂತ ಕೈಬಿಟ್ಟರು ಅಂತ 668ರಲ್ಲಿ ಒಬ್ಬ ಮಂತ್ರಿ ನೆನಪಿಸಿಕೊಂಡಿದ್ದಾನೆ. ಚಕ್ರವರ್ತಿಗೆ ಮೊದಲೇ ಕಾಯಿಲೆ ಇತ್ತು, ಆದ್ದರಿಂದ ಔಷಧಿಯೊಂದೇ ಕಾರಣ ಅನ್ನಲಾಗದು.

ವಾಂಗ್‌ನನ್ನು ನಾನು ಇಲ್ಲಿ ಸಮರ್ಥಿಸುವುದಿಲ್ಲ. ಮುಂದಿನ ಚಕ್ರವರ್ತಿ ಗಾವ್‌ಜಾಂಗ್ ಆ ಬ್ರಾಹ್ಮಣನನ್ನು ವಾಪಸ್ ಕಳಿಸಲು ಹೊರಟಾಗಲೂ ‘ಇವನಿಗೆ ನಿಜವಾಗಿ ಔಷಧಿ ಗೊತ್ತು, ಕಳಿಸಿದರೆ ನಷ್ಟ’ ಅಂತ ವಾಂಗ್ ವಾದಿಸಿದ. ಕಂಡದ್ದನ್ನು ಅಳೆದು ನೋಡುವ ಮನುಷ್ಯ ಈ ಒಂದು ವಿಷಯದಲ್ಲಿ ಅಳೆಯಲೇ ಇಲ್ಲ. ದೊಡ್ಡ ಹುದ್ದೆ ಸಿಗದಿರಲು ಇದೂ ಕಾರಣವಾಗಿರಬಹುದು.

ಯುದ್ಧ ಪಕ್ಕಕ್ಕಿಡಿ. ಇವನಿಂದ ಏನು ಉಳೀತು?

ಬಹಳ ಉಳಿಯಿತು. ಇವನ ಮರುಮೌಲ್ಯಮಾಪನ ಶುರುವಾಗಬೇಕಾದದ್ದು ಇಲ್ಲಿಂದಲೇ.

ಮೂರು ಯಾತ್ರೆಗಳ ಅನುಭವವನ್ನು ಅವನು ಹತ್ತು ಸಂಪುಟಗಳಲ್ಲಿ ಬರೆದ. ಗ್ರಂಥ ಕಳೆದುಹೋಗಿದೆ. ಆದರೆ 668ರಲ್ಲಿ ದಾವ್‌ಶಿ ಎಂಬ ಭಿಕ್ಷು ಮಾಡಿದ ದೊಡ್ಡ ಬೌದ್ಧ ಸಂಕಲನದಲ್ಲಿ ಅದರ ತುಣುಕುಗಳು ಉಳಿದವು. ಗೃಧ್ರಕೂಟ, ಮಹಾಬೋಧಿಯ ಶಾಸನಗಳ ಪಠ್ಯ ನಮಗೆ ಸಿಕ್ಕಿರುವುದೂ ಅಲ್ಲಿಂದಲೇ. ಕಲ್ಲುಗಳು ಸಿಕ್ಕಿಲ್ಲ. 1900ರಲ್ಲಿ ಫ್ರೆಂಚ್ ವಿದ್ವಾಂಸ ಸಿಲ್ವಾಂ ಲೆವಿ ಈ ತುಣುಕುಗಳನ್ನು ಒಟ್ಟು ಮಾಡಿದ ಮೇಲೆ ವಾಂಗ್ ಮತ್ತೆ ವಿದ್ವಾಂಸರ ಕಣ್ಣಿಗೆ ಬಿದ್ದ.

ಅವನ ಕಣ್ಣು ಹೇಗಿತ್ತು ಅನ್ನುವುದಕ್ಕೆ ಒಂದು ಉದಾಹರಣೆ. ವೈಶಾಲಿಯಲ್ಲಿ, ಬೌದ್ಧ ಸೂತ್ರಗಳಲ್ಲಿ ಬರುವ ಗೃಹಸ್ಥ ಜ್ಞಾನಿ ವಿಮಲಕೀರ್ತಿಯ ಮನೆ ಇದ್ದ ಜಾಗ ಅಂತ ಒಂದು ಕಡೆ ತೋರಿಸಿದರು. ನಮಸ್ಕಾರ ಮಾಡಿ ಮುಂದೆ ಹೋಗಬಹುದಿತ್ತು. ಇವನು ಆಸ್ಥಾನದಲ್ಲಿ ಅಧಿಕಾರಿಗಳು ಕೈಯಲ್ಲಿ ಹಿಡಿಯುವ ಉದ್ದನೆಯ ಪಟ್ಟಿಯನ್ನೇ ಅಳತೆಗೋಲು ಮಾಡಿಕೊಂಡು ನೆಲ ಅಳೆದ. ಒಂದೊಂದು ಬದಿಗೂ ಹತ್ತು ಪಟ್ಟಿ ಬಂತು. ಝೆನ್ ಮಠಗಳಲ್ಲಿ ಗುರುಗಳ ಕೋಣೆಯನ್ನು ಹತ್ತು ಅಡಿ ಚೌಕಕ್ಕೆ ಹೋಲಿಸುವ ಸಂಪ್ರದಾಯ ಈ ಅಳತೆಯಿಂದ ಬಂತು ಅಂತ ಪ್ರತೀತಿ ಇದೆ.

ಜೊತೆಗೆ ಸಾಂಗ್ ಫಾಜಿ ಎಂಬ ಕಲಾವಿದನೂ ಹೋಗಿದ್ದ. ಅವನು ಮಹಾಬೋಧಿಯ ಬುದ್ಧ ಮೂರ್ತಿಯ ಚಿತ್ರ ಬರೆದುಕೊಂಡ. ಅದು ಚಾಂಗ್‌ಆನ್ ತಲುಪಿದಾಗ ಜನ ಮುಗಿಬಿದ್ದು ನಕಲು ಮಾಡಿಕೊಂಡರು. ಲುವೋಯಾಂಗ್‌ನ ಒಂದು ದೊಡ್ಡ ವಿಹಾರದ ಮೈತ್ರೇಯ (ಮುಂದೆ ಬರಲಿರುವ ಬುದ್ಧ) ಮೂರ್ತಿಗೆ ವಾಂಗ್ ತಂದ ಚಿತ್ರವೇ ಮಾದರಿಯಾಯಿತು. ಲೊಂಗ್‌ಮೆನ್ ಗುಹೆಗಳಲ್ಲಿ 665ರಲ್ಲಿ ಅವನೇ ಹೆಸರು ಹಾಕಿ ಮಾಡಿಸಿದ ಮೈತ್ರೇಯ ಮೂರ್ತಿಯ ಶಾಸನ ಇಂದಿಗೂ ಇದೆ.

ಸಕ್ಕರೆಯ ಸಂಗತಿಯೂ ಇದೆ. ಮಹಾಬೋಧಿಯ ವಿಹಾರದ ಮೂಲಕ ಗಟ್ಟಿ ಸಕ್ಕರೆ ಮಾಡುವ ಇಬ್ಬರು ಕೆಲಸಗಾರರೂ ಎಂಟು ಭಿಕ್ಷುಗಳೂ ಚೀನಾಕ್ಕೆ ಹೋದರು ಅಂತ ಅದೇ ಕಾಲದ ಒಬ್ಬ ಭಿಕ್ಷು ಬರೆದಿದ್ದಾನೆ. ಯಾಂಗ್‌ಝೌ ಕಡೆಯ ಕಬ್ಬಿನ ರಸ ಕಾಯಿಸಿ ನೋಡಿದರು. ಬಣ್ಣ, ರುಚಿ ಎರಡರಲ್ಲೂ ಹೊರಗಿನಿಂದ ಬರುವ ಸಕ್ಕರೆಗಿಂತ ಚೆನ್ನಾಗಿ ಬಂತಂತೆ. ಕಬ್ಬಿನ ಆಲೆಮನೆಯ ವಿದ್ಯೆ ಗಂಗೆಯ ದಡದಿಂದ ಅಲ್ಲಿಗೆ ಹೋದ ದಾರಿಗಳಲ್ಲಿ ಇದೊಂದು.

ಭಾರತೀಯರಾಗಿ ನಾವು ಇವನನ್ನು ಹೇಗೆ ನೋಡ್ಬೇಕು? ನಮ್ಮ ಊರು ಸುಟ್ಟವನಲ್ವಾ?

ಸೆರೆಯಾದ ಆ ಸಾವಿರಾರು ಗಂಡಸರು ಹೆಂಗಸರ ಬಗ್ಗೆ ಚೀನೀ ಚರಿತ್ರೆಯಲ್ಲಿ ಸಂಖ್ಯೆಯೊಂದೇ ಇದೆ. ಅಂಕಿ ಅರ್ಧ ಸುಳ್ಳಾದರೂ ಉಳಿದರ್ಧ ಜನರ ಮನೆ ಹಾಳಾದದ್ದು ನಿಜ. ಅರುಣಾಶ್ವ ದೂತರನ್ನು ದೋಚಿದ ತಪ್ಪಿಗೆ ಅವರು ಹೊಣೆಯಲ್ಲ. ಇವನನ್ನು ವೀರ ಅಂತ ಕುಣಿದಾಡುವವರು ಈ ಸಾಲಿನ ಹತ್ತಿರ ಸ್ವಲ್ಪ ನಿಲ್ಲಬೇಕು.

ಹಾಗೆಂದು ಇವನನ್ನು ಭಾರತದ ಶತ್ರು ಅಂತ ಬರೆದುಬಿಡುವುದೂ ಸರಿಯಲ್ಲ. ಯುದ್ಧ ಮುಗಿದು ಹನ್ನೆರಡು ವರ್ಷದ ಮೇಲೆ, 660ರ ಶರತ್ಕಾಲದಲ್ಲಿ, ಅವನು ಮತ್ತೆ ಬೋಧಗಯಾದಲ್ಲಿದ್ದ. ಮಹಾಬೋಧಿ ವಿಹಾರದ ಮುಖ್ಯಸ್ಥ ದೊಡ್ಡ ಸಭೆ ಸೇರಿಸಿ ಸತ್ಕಾರ ಮಾಡಿದ. ತಂಡದ ಪ್ರತಿಯೊಬ್ಬರಿಗೂ ಹತ್ತು ತುಂಡು ಒಳ್ಳೆಯ ಬಟ್ಟೆ, ಊಟದ ಪಾತ್ರೆ ಕೊಟ್ಟ. ಚಕ್ರವರ್ತಿಗೆ ಮುತ್ತುಗಳು, ದಂತದ ಸ್ತೂಪ ಒಂದು, ಬುದ್ಧನ ಮುದ್ರೆ ನಾಲ್ಕು. ಹೊರಡುವ ದಿನ ಭಿಕ್ಷುಗಳೆಲ್ಲ ಸೇರಿ ಪಡುವಣಕ್ಕೆ ಐದು ಲೀ ದೂರ, ಅಂದರೆ ಎರಡು ಕಿಲೋಮೀಟರಿಗೂ ಹೆಚ್ಚು, ನಡೆದು ಬೀಳ್ಕೊಟ್ಟರು. ಭೇಟಿಯಾಗುವುದು ಕಷ್ಟ, ಅಗಲುವುದು ಸುಲಭ ಅಂತ ಅವರು ಕಣ್ಣೀರು ಹಾಕಿದರು ಅಂತ ಬರೆದಿದೆ. ಇವನು ಯುದ್ಧ ಮಾಡಿದವನು ಅನ್ನುವುದು ಅವರಿಗೆ ಗೊತ್ತಿದ್ದಿರಬೇಕು.

662ರಲ್ಲಿ ಭಿಕ್ಷುಗಳೂ ಚಕ್ರವರ್ತಿಗೆ, ತಂದೆತಾಯಿಗೆ ಅಡ್ಡಬೀಳಬೇಕೇ ಅನ್ನುವ ಚರ್ಚೆ ಆಸ್ಥಾನದಲ್ಲಿ ನಡೆಯಿತು. ವಾಂಗ್ ಬೇಡ ಅಂದ. ನಾನು ಮೂರು ಸಲ ಆ ದೇಶಕ್ಕೆ ಹೋಗಿದ್ದೇನೆ, ಅಲ್ಲಿ ಭಿಕ್ಷುಗಳು ಅಡ್ಡಬೀಳುವುದಿಲ್ಲ ಅಂತ ಬರೆದುಕೊಟ್ಟ. ಚಕ್ರವರ್ತಿಯ ಮುಂದೆ ಭಾರತದ ಪದ್ಧತಿಯನ್ನೇ ಪ್ರಮಾಣವಾಗಿ ಇಟ್ಟ ಮನುಷ್ಯ ಇವನು. ಯುದ್ಧ ಮಾಡಿದವನೂ ಇವನೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕು.

ಇಷ್ಟು ಚೆನ್ನಾಗಿದ್ದ ನೇಪಾಳದ ದಾರಿ ಆಮೇಲೆ ಯಾಕೆ ನಿಂತಿತು?

ದಾರಿ ನಿಂತದ್ದು ಟಿಬೆಟ್ ಮತ್ತು ತಾಂಗ್ ನಡುವೆ ಹಳಸಿದ್ದರಿಂದ. ಸೊಂಗ್‌ತ್ಸೆನ್ ಗಂಪೊ 649–50ರ ಹೊತ್ತಿಗೆ ತೀರಿಕೊಂಡ. 663ರಲ್ಲಿ ಟಿಬೆಟ್ ಎರಡೂ ರಾಜ್ಯಗಳ ನಡುವೆ ಇದ್ದ ತುಯುಹುನ್ ಸೀಮೆಯನ್ನು ನುಂಗಿತು. 670ರಲ್ಲಿ ದಾಫೈ ನದಿಯ ಬಳಿ ತಾಂಗ್ ಸೈನ್ಯವನ್ನು ಧೂಳೀಪಟ ಮಾಡಿತು. ಒಂದು ಕಾಲಕ್ಕೆ ವಾಂಗ್‌ಗೆ 1,200 ಯೋಧರನ್ನು ಕೊಟ್ಟ ರಾಜ್ಯವೇ ಈಗ ಚೀನಾದ ದೊಡ್ಡ ಎದುರಾಳಿ. ಲ್ಹಾಸಾ ದಾಟಿ ಬಿಹಾರಕ್ಕೆ ಬರುವುದು ಚೀನೀ ಯಾತ್ರಿಕರಿಗೆ ಅಸಾಧ್ಯವಾಗುತ್ತಾ ಬಂತು.

ವಾಂಗ್‌ನ ಅಣ್ಣನೋ ತಮ್ಮನೋ ಒಬ್ಬನ ಮಗ ಜಿಹೊಂಗ್ ಭಿಕ್ಷುವಾಗಿದ್ದ. ಅವನೂ ಭಾರತಕ್ಕೆ ಬಂದು ಬೋಧಗಯಾ, ನಾಲಂದಾ ನೋಡಿದ. ಅವನ ಬಗ್ಗೆ ಚೀನೀ ಯಾತ್ರಿಕ ಭಿಕ್ಷು ಯೀಜಿಂಗ್ ಬರೆದಿಟ್ಟಿದ್ದಾನೆ. ವಾಂಗ್ ಹಿಡಿದ ಬೆಟ್ಟದ ದಾರಿ ಜಿಹೊಂಗ್‌ಗೆ ಸಿಗಲಿಲ್ಲ. ದಕ್ಷಿಣ ಚೀನಾದ ಹೆಪು ಬಂದರಿನಲ್ಲಿ ಹಡಗು ಹತ್ತಿ, ಸುಮಾತ್ರಾ ಸುತ್ತಿಕೊಂಡು ಸಮುದ್ರದ ಮೇಲೆ ಬಂದ.